ಮೂವತ್ತೆರಡು ಇಂಚಿನ ಕಪ್ಪು

ಸುಂಕದಕಟ್ಟೆ ಬಸ್‌ಸ್ಟಾಪಿನ ಎದುರಂಗಡಿಯಲ್ಲಿ
ಒಂಬತ್ತು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ.
ಕಂಪನಿಯ ಹೆಸರು ಯಾರೂ ಕೇಳಿದ್ದಲ್ಲ,
ಪೆಟ್ಟಿಗೆಯ ಮೇಲೆ ನವಿಲು, ಗರಿ ಬಿಚ್ಚಿ.
‘ಇಲ್ಲಿ ನಿಂತು ನೋಡಿ ಸಾರ್’ ಎಂದು ಹುಡುಗ
ಭುಜ ಹಿಡಿದು ನಡುವಿಗೆ ಸರಿಸಿದ.
ಆಗಲೇ ಅನುಮಾನ ಬರಬೇಕಿತ್ತು ನನಗೆ.

ನಾನು ಬಣ್ಣ ಬಳಿಯುವವನು.
ಇಪ್ಪತ್ತೆರಡು ವರ್ಷದಿಂದ ಗೋಡೆಗಳ ಜೊತೆಗೇ ಮಾತು.
ಬಿಳಿಯಲ್ಲೇ ಹದಿನಾರು ಬಿಳಿ ಗೊತ್ತು:
ಸುಣ್ಣದ ಬಿಳಿ, ಮಜ್ಜಿಗೆ ಬಿಳಿ,
ಆಸ್ಪತ್ರೆ ಬಿಳಿ, ಹಳೇ ಪಂಚೆಯ ಬಿಳಿ.
ಕಪ್ಪನ್ನು ಮಾತ್ರ ಯಾರೂ ಕೇಳುವುದಿಲ್ಲ
ಗೇಟಿಗೆ, ಗ್ರಿಲ್ಲಿಗೆ ಬಿಟ್ಟರೆ.

ಮೊದಲ ರಾತ್ರಿ ಹಾಕಿದ್ದು ದೆವ್ವದ ಸೀರಿಯಲ್ಲು.
ಸ್ಮಶಾನ, ಅಮಾವಾಸ್ಯೆ, ಎಲ್ಲೋ ನಾಯಿ ಊಳು.
ಅಮಾವಾಸ್ಯೆ ಎಲ್ಲಿದೆ?
ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು
ಒಣಗಿದಂಥ ಬೂದು.
ಹಗಲು ಹನ್ನೊಂದಕ್ಕೇ ಬಂದುಬಿಟ್ಟೆನಲ್ಲಾ ಅಂತ
ದೆವ್ವಕ್ಕೇ ನಾಚಿಕೆ.
ಕಿರಿಯವಳು ಭುವನ ಬಿದ್ದು ಬಿದ್ದು ನಕ್ಕಳು.

ಬಲಗಡೆ ಗೋಡೆಗೊರಗಿ, ಚಾಪೆಯ ಮೇಲೆ ಅವ್ವ.
ಅವಳ ಸೊಂಟಕ್ಕೆ ಆ ಮೂಲೆಯೇ ಆಗಬೇಕು.
‘ಯಾಕೋ ಸಿದ್ದೇಶಾ,
ವಾರ್ತೆ ಓದೋ ಹುಡುಗಿಗೆ ಹಾವು ಕಚ್ಚೈತಾ?
ನೀಲಿಗಟ್ಟವ್ಳೆ.’
ಹೋಗಿ ಪಕ್ಕ ಕೂತೆ. ನಿಜ.
ಮುಖ ನೀಲಿ, ಹಲ್ಲು ಕಪ್ಪು.
ನಾಲ್ಕು ಅಡಿ ಸರಿದರೆ ಅದೇ ಹುಡುಗಿ,
ಹಣೆಯಲ್ಲಿ ಕುಂಕುಮ, ಮೈಮೇಲೆ ಮಾವಿನ ಚಿಗುರು.
ನಡುವೆ ಕೂತವರಿಗಷ್ಟೇ ಪೂರ್ತಿ ಒಂಬತ್ತು ಸಾವಿರ,
ಅಂಚಿಗೆ ಸರಿದಂತೆ ಬೆಲೆ ಇಳಿಯುತ್ತದೆ.
ಸ್ಟವ್ ಹತ್ತಿರ ನಿಂತ ಜಯಶೀಲಳಿಗೆ
ಇನ್ನೂರು ರೂಪಾಯಿಯಷ್ಟೂ ಕಾಣುವುದಿಲ್ಲ.
ಅವಳು ಹೇಳಲಿಲ್ಲ. ನಾನೇ ಹೋಗಿ ನಿಂತು ನೋಡಿದೆ.

ಬೆಳ್ಳಂದೂರಿನಲ್ಲಿ ಹದಿನೇಳನೇ ಮಹಡಿ.
ಗೋಡೆಯಗಲದ ಟಿವಿಗೆ ನಾನೇ ಪ್ಲಾಸ್ಟಿಕ್ ಹೊದಿಸಿ
ಬಾಣಂತಿಗೆ ಕಿವಿ ಕಟ್ಟಿದ ಹಾಗೆ ಕಟ್ಟಿದ್ದೆ.
ಮಧ್ಯಾಹ್ನ ಅವರ ಮಗು ರಿಮೋಟು ಒತ್ತಿತು.
ಪ್ಲಾಸ್ಟಿಕ್ಕಿನ ಹಿಂದೆ ಸಮುದ್ರದ ತಳ.
ಅದು ಕಪ್ಪು!
ಬಾವಿಗೆ ಬಗ್ಗಿದಾಗ ಹೊಟ್ಟೆಯೊಳಗೆ
ತಣ್ಣಗೆ ಇಳಿಯುತ್ತದಲ್ಲ, ಅಂಥದು.
ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕಿತು ನೆಲಕ್ಕೆ.
ಒರೆಸಿದೆ.
ಬೆಲೆ ಕೇಳಲು ಹೋಗಲಿಲ್ಲ.

ಬಸ್ಸಿನಲ್ಲಿ ಆಂತೋಣಪ್ಪ ಮೇಸ್ತ್ರಿ ನೆನಪಾದರು,
ಶಿವಾಜಿನಗರದಲ್ಲಿ ಬೋರ್ಡು ಬರೆಯುತ್ತಿದ್ದ ಕಾಲದ ಗುರು.
ಒಂದು ಸಲ ಕಪ್ಪು ತೀರಿ ಬರೀ ಬೂದು ಉಳಿದಾಗ
ಬೀಡಿ ಕಚ್ಚಿಕೊಂಡೇ ಅಂದಿದ್ದರು:
‘ಕಪ್ಪು ಸಾಲ್ದಿದ್ರೆ ಕಪ್ಪು ಹುಡುಕ್ಬೇಡ ಮಗಾ,
ಪಕ್ಕದಲ್ಲಿ ಬಿಳಿ ಹಚ್ಚು.’

ಡಬ್ಬಿಯ ತಳದಲ್ಲಿ ಅರ್ಧ ಲೀಟರು ಮಿಕ್ಕಿತ್ತು,
ಬೆಳ್ಳಂದೂರಿನದೇ. ಕೇಳಿಯೇ ತಂದದ್ದು.
ಭಾನುವಾರ ಟಿವಿ ಇಳಿಸಿ
ಹಿಂದಿನ ಪಾಚಿ ಗೋಡೆ ಉಜ್ಜಿ, ಎರಡು ಕೋಟು.
ಓನರ್ ಪುಟ್ಟಸ್ವಾಮಾಚಾರಿ ಬಾಗಿಲಲ್ಲಿ ನಿಂತು
‘ಯಾರ್ನ ಕೇಳಿ ಬಳಿದೆ?’ ಅಂದವರು
ಎರಡು ಓವರ್ ಕ್ರಿಕೆಟ್ ನೋಡಿಕೊಂಡು ಹೋದರು,
ನಡುವೆಯೇ ಕೂತು.
ಕ್ಲಾಂಪಿನ ಎಡಕ್ಕೆ ಹಳೇ ಚಪ್ಪಲಿಯ ಅಟ್ಟೆ
ಕತ್ತರಿಸಿ ತುರುಕಿದೆ.
ಟಿವಿ ಅವ್ವನ ಕಡೆಗೆ ಕತ್ತು ಹೊರಳಿಸಿತು.
ಈಗ ಹಾವು ಕಚ್ಚಿದ ಮುಖಗಳು ನನ್ನ ಪಾಲು.
ಇರಲಿ.

ಕಂತು ಇನ್ನೂ ಐದಿದೆ.
ಮೇಲುಗಡೆ ಒಂದು ಚುಕ್ಕಿ ಹೊತ್ತಿಕೊಳ್ಳುವುದೇ ಇಲ್ಲ,
ಭುವನ ಅದಕ್ಕೆ ಏನೋ ಹೆಸರಿಟ್ಟಿದ್ದಾಳೆ,
ಕೇಳಿದರೆ ಹೇಳುವುದಿಲ್ಲ.

ನಿನ್ನೆ ರಾತ್ರಿ ಯಾವುದೋ ರೈಲು
ಬೆಟ್ಟದ ಬುಡಕ್ಕೆ ಬಂದು ಸುರಂಗ ಹೊಕ್ಕಿತು.
ನಿದ್ದೆಗಣ್ಣಲ್ಲಿ ಅವ್ವ ತಲೆಯೆತ್ತಿ
‘ಕರೆಂಟ್ ಹೋಯ್ತೇನೋ?’ ಅಂದಳು.

ಯಾರೂ ಉತ್ತರ ಕೊಡಲಿಲ್ಲ.
ಜಯಶೀಲ ಸೌಟು ಹಿಡಿದೇ ನನ್ನ ಕಡೆ ನೋಡಿದಳು.
ತಲೆಯ ಮೇಲೆ ಟ್ಯೂಬ್‌ಲೈಟು
ಉರಿಯುತ್ತಲೇ ಇತ್ತು.